ಹೊಳೆಯ ಎರಡು ದಂಡೆ, ಗುರುವಿನ ಒಂದು ಚಂದ್ರ

ಕಾರಟಗಿಯ ಗುರುತೆಂದರೆ ಭತ್ತ. ಗಂಗಾವತಿಯಿಂದ ಸಿಂಧನೂರಿನ ದಾರಿ ಹಿಡಿದರೆ ರಸ್ತೆಯ ಎರಡೂ ಬದಿಗೆ ಗದ್ದೆ, ಗದ್ದೆ ಮುಗಿದಲ್ಲಿ ರೈಸ್ ಮಿಲ್ಲು, ಮಿಲ್ಲಿನ ಅಂಗಳದಲ್ಲಿ ಸೋನಾ ಮಸೂರಿ ಚೀಲ ಹೇರಿಕೊಂಡು ನಿಂತ ಲಾರಿ. ಇಷ್ಟಕ್ಕೂ ಮೂಲ ತುಂಗಭದ್ರಾ ಎಡದಂಡೆ ಕಾಲುವೆ. ಆ ಕಾಲುವೆಗೆ ನೀರು ಬಿಡುವ ಅಣೆಕಟ್ಟಿನ ಕಥೆಯಲ್ಲೊಂದು ತಮಾಷೆಯಿದೆ. 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆ ನಡೆದಾಗ ಕಲ್ಲು ಇಟ್ಟದ್ದು ಎರಡು ಕಡೆ. ಎಡದಂಡೆಯಲ್ಲಿ ಹೈದರಾಬಾದ್ ನಿಜಾಮರ ಮಗ, ಬೇರಾರ್ ರಾಜಕುಮಾರ. ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಹೊಳೆ ಒಂದೇ, ಸರ್ಕಾರ ಎರಡು.

ಆಗ ಕಾರಟಗಿ, ಗಂಗಾವತಿ, ಕುಷ್ಟಗಿ ಎಲ್ಲವೂ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಹೊಳೆ ದಾಟಿ ಸಿರುಗುಪ್ಪದ ಕಡೆ ಕಾಲಿಟ್ಟರೆ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸ್ ಪ್ರಾಂತ. ಈ ದಂಡೆಯ ರೈತನ ಕಂದಾಯ ಹೈದರಾಬಾದಿಗೆ, ಆ ದಂಡೆಯ ರೈತನದು ಮದ್ರಾಸಿಗೆ. ಎರಡೂ ಸರ್ಕಾರಗಳು ಆ ದುಡ್ಡಿನಲ್ಲಿ ರಸ್ತೆ, ಕಚೇರಿ, ಪೊಲೀಸು ನಡೆಸಿದವೆಂಬುದು ಎಲ್ಲರಿಗೂ ಗೊತ್ತು. ಎರಡೂ ಒಂದೊಂದು ವೀಕ್ಷಣಾಲಯವನ್ನೂ ಸಾಕಿದ್ದವು ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಮುಂದೆ ಅವೆರಡರ ದಾರಿಗಳೂ ಒಂದೇ ಬೆಟ್ಟದಲ್ಲಿ ಬಂದು ಕೂಡಿದವು. ಅಲ್ಲಿಂದ ಗುರುಗ್ರಹದ ಒಂದು ಚಂದ್ರನ ಅಳತೆ ಸಿಕ್ಕಿತು, ಯುರೇನಸ್ಸಿನ ಉಂಗುರದ ನೆರಳೂ ಸಿಕ್ಕಿತು.

ಮೊದಲು ಆಚೆ ದಂಡೆಯ ಕಥೆ. ಮದ್ರಾಸಿನ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ವೀಕ್ಷಣಾಲಯ ಕಟ್ಟಿಸಿತು. ಹಡಗುಗಳಿಗೆ ಸರಿಯಾದ ಕಾಲ, ಭೂಮಾಪನಕ್ಕೆ ಸರಿಯಾದ ರೇಖಾಂಶ ಬೇಕಿತ್ತು; ಶನಿ, ಗುರುಗಳ ಮೇಲಿನ ಪ್ರೀತಿಯಿಂದಲ್ಲ. ಆದರೂ ದೂರದರ್ಶಕ ಕೈಯಲ್ಲಿದ್ದವನ ಕಣ್ಣು ಗ್ರಹದ ಕಡೆ ಹೊರಳದೆ ಇರುತ್ತದೆಯೇ? 1848ರಿಂದ ಹತ್ತು ವರ್ಷ ಅಲ್ಲಿ ಮುಖ್ಯಸ್ಥರಾಗಿದ್ದ ವಿಲಿಯಂ ಸ್ಟೀಫನ್ ಜೇಕಬ್ ಅವರು 1852ರಲ್ಲಿ ಶನಿಯ ಒಳಗಿನ ಮಸುಕು ಉಂಗುರವನ್ನು ನೋಡುತ್ತಿದ್ದರು. ಅದು ಗೊತ್ತಾಗಿ ಎರಡೇ ವರ್ಷವಾಗಿತ್ತು. ಆ ಉಂಗುರದ ಮೂಲಕ ಹಿಂದಿನ ಗ್ರಹದ ಅಂಚು ಕಾಣುತ್ತಿದೆ ಎಂದು ಜೇಕಬ್ ಗಮನಿಸಿದರು. ತೆಳು ಮಲ್ ಬಟ್ಟೆಯ ಹಿಂದೆ ಇಟ್ಟ ತಂಬಿಗೆಯ ಹಾಗೆ. ಅದೇ ವರ್ಷ ಮಾಲ್ಟಾ ದ್ವೀಪದಿಂದ ವಿಲಿಯಂ ಲ್ಯಾಸೆಲ್ ಕೂಡ ಇದನ್ನೇ ಕಂಡರು. ಉಂಗುರ ಗಟ್ಟಿ ತಟ್ಟೆಯಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿಯಾಯಿತು. ಆಗಿನ್ನೂ ಗ್ರಹದ ‘ಚಿತ್ರ’ ಎಂದರೆ ನೋಡುವವನ ಕಣ್ಣು ಮತ್ತು ಕೈಯಲ್ಲಿನ ಪೆನ್ಸಿಲ್ಲು, ಅಷ್ಟೇ. ಮೋಡ ಬಂದರೆ ಚಿತ್ರವಿಲ್ಲ, ನಿದ್ದೆ ಬಂದರೂ ಇಲ್ಲ.

ಶತಮಾನ ಮುಗಿಯುವ ಹೊತ್ತಿಗೆ ಮದ್ರಾಸಿನ ಕೆಲಸ ಕೊಡೈಕನಾಲ್ ಬೆಟ್ಟಕ್ಕೆ ಏರಿತು. ಅಲ್ಲಿ ಸೂರ್ಯನೇ ಮುಖ್ಯ; ಗ್ರಹಗಳು ಹಿಂದೆ ಸರಿದವು.

ಈಗ ಈ ದಂಡೆಯದು. ಹೈದರಾಬಾದಿನ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರಿಗೆ ನಕ್ಷತ್ರದ ಹುಚ್ಚು. ಅವರು 1901ರಲ್ಲಿ ಸ್ವಂತ ದುಡ್ಡಿನಿಂದ ವೀಕ್ಷಣಾಲಯ ಶುರುಮಾಡಿ, ನಿಜಾಮರ ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ, 1908ರಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಬೇಗಂಪೇಟೆಯಲ್ಲಿ ನೆಲೆನಿಂತ ನಿಜಾಮಿಯಾ ವೀಕ್ಷಣಾಲಯ ಇಡೀ ಆಕಾಶದ ಫೋಟೋ ನಕ್ಷೆ ತೆಗೆಯುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಪಾಲು ತೆಗೆದುಕೊಂಡು ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಅಳೆದುಕೊಟ್ಟಿತು. ಕಾರಟಗಿಯ ಎತ್ತಿನ ಬಂಡಿ ಓಡಾಡುತ್ತಿದ್ದ ರಸ್ತೆಗೆ ಜಲ್ಲಿ ಬಿದ್ದಿತ್ತೋ ಇಲ್ಲವೋ, ಸಂಸ್ಥಾನದ ಖಜಾನೆಯಿಂದ ಗಾಜಿನ ಪ್ಲೇಟುಗಳಿಗಂತೂ ದುಡ್ಡು ಹೋಗುತ್ತಿತ್ತು. ಇದನ್ನು ಆಕ್ಷೇಪಣೆ ಎಂದು ಓದಬೇಕಾಗಿಲ್ಲ. ಮುಂದೆ ಆದದ್ದನ್ನು ನೋಡಿದರೆ ಆ ಖರ್ಚು ದಂಡವಾಗಲಿಲ್ಲ ಅನ್ನಿಸುತ್ತದೆ.

ಆ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ ಕೇರಳ ಮೂಲದ ಸಹಾಯಕರೊಬ್ಬರ ಮಗ ಅಲ್ಲೇ ದೂರದರ್ಶಕದ ಅಡಿಯಲ್ಲಿ ಆಡಿ ಬೆಳೆದ. 1927ರಲ್ಲಿ ಹುಟ್ಟಿದ ಆ ಹುಡುಗನೇ ಎಂ.ಕೆ. ವೇಣು ಬಪ್ಪು. ನಿಜಾಮ್ ಕಾಲೇಜಿನಲ್ಲಿ ಓದಿ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಹಾರ್ವರ್ಡ್‌ಗೆ ಹೋದರು. 1949ರ ಜುಲೈ 2ರಂದು ಅವರು ತೆಗೆದ ಫೋಟೋ ಪ್ಲೇಟಿನಲ್ಲಿ ಹೊಸ ಧೂಮಕೇತುವೊಂದು ಸಿಕ್ಕಿಬಿತ್ತು. ಅದಕ್ಕೆ ಇಂದಿಗೂ ಬಪ್ಪು-ಬಾಕ್-ನ್ಯೂಕರ್ಕ್ ಎಂದೇ ಹೆಸರು. ಸಂಸ್ಥಾನ ಒಕ್ಕೂಟಕ್ಕೆ ಸೇರಿ ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ಕೊಪ್ಪಳ, ಗಂಗಾವತಿ ಸೀಮೆಯ ರೈತರ ಕಂದಾಯವೂ ಸೇರಿದ್ದ ಖಜಾನೆಯ ದುಡ್ಡು ಆಕಾಶದಲ್ಲಿ ಬಿಟ್ಟುಹೋದ ಮೊದಲ ಗುರುತು ಅದು ಎಂದು ಬೇಕಾದರೆ ಹೆಮ್ಮೆಪಡಬಹುದು.

ಬಪ್ಪು ಅವರು ಭಾರತಕ್ಕೆ ಮರಳಿ, ಮೊದಲು ಉತ್ತರ ಪ್ರದೇಶದ ವೀಕ್ಷಣಾಲಯವನ್ನು ನೈನಿತಾಲ್‌ಗೆ ಒಯ್ದರು. 1960ರಲ್ಲಿ ಕೊಡೈಕನಾಲ್‌ನ ನಿರ್ದೇಶಕರಾದರು. ಹೀಗೆ ನಿಜಾಮಿಯಾದ ಹುಡುಗನ ಕೈಗೆ ಮದ್ರಾಸಿನ ಆಸ್ತಿ ಬಂತು. ಹೊಳೆಯ ಎರಡು ದಂಡೆ ಸೇರಿದ್ದು ಇಲ್ಲಿ.

ಕೊಡೈಕನಾಲ್‌ನಲ್ಲಿ ಮಂಜು, ಮೋಡ ಹೆಚ್ಚು. ರಾತ್ರಿಯ ಕೆಲಸಕ್ಕೆ ಬೇರೆ ಜಾಗ ಬೇಕೆಂದು ಬಪ್ಪು ಊರೂರು ಅಲೆದು ಆರಿಸಿಕೊಂಡದ್ದು ಜಾವಾದಿ ಬೆಟ್ಟಸಾಲಿನ ಕಾವಲೂರು. ತಮಿಳುನಾಡಿನ ವಾಣಿಯಂಬಾಡಿ ಹತ್ತಿರದ, ಶ್ರೀಗಂಧದ ಮರಗಳ ಕಾಡು. ಬೆಂಗಳೂರಿನಿಂದ ಹೊರಟರೆ ಅರ್ಧ ದಿನದ ದಾರಿ. 1968ರಲ್ಲಿ 38 ಸೆಂ.ಮೀ. ದೂರದರ್ಶಕದಿಂದ ಅಲ್ಲಿ ಕೆಲಸ ಶುರುವಾಯಿತು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಗಿ, ಮುಂದೆ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಜರ್ಮನಿಯ ಯೇನಾ ನಗರದ ಕಾರ್ಲ್ ಝೈಸ್ ಕಂಪನಿಯಿಂದ 102 ಸೆಂ.ಮೀ., ಅಂದರೆ 40 ಇಂಚಿನ ಕನ್ನಡಿಯ ದೂರದರ್ಶಕ ತರಿಸಿ 1972ರಲ್ಲಿ ಕಾವಲೂರಿನಲ್ಲಿ ನಿಲ್ಲಿಸಿದರು. ಹೊಸ ಎತ್ತು ತಂದವರು ಮರುದಿನವೇ ನೊಗಕ್ಕೆ ಹೂಡಿದ ಹಾಗೆ, ಅದೇ ವರ್ಷ ಅದಕ್ಕೊಂದು ದೊಡ್ಡ ಕೆಲಸ ಬಂತು.

ಗುರುವಿನ ಅತಿ ದೊಡ್ಡ ಚಂದ್ರ ಗ್ಯಾನಿಮೀಡ್. ಗೆಲಿಲಿಯೊ 1610ರಲ್ಲಿ ನೋಡಿದ ನಾಲ್ಕರಲ್ಲಿ ಒಂದು, ಬುಧಗ್ರಹಕ್ಕಿಂತಲೂ ದೊಡ್ಡದು. ಆದರೆ 1972ರಲ್ಲಿ ಜಗತ್ತಿನ ಎಷ್ಟೇ ದೊಡ್ಡ ದೂರದರ್ಶಕ ತಿರುಗಿಸಿದರೂ ಅದು ಕಾಣುತ್ತಿದ್ದುದು ಒಂದು ನಡುಗುವ ಚುಕ್ಕಿಯಾಗಿ. ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಹಾಗಿರುವಾಗ ಅದರ ಅಗಲ ಅಳೆಯುವುದು ಹೇಗೆ? ಅದಕ್ಕೆ ಗಾಳಿಯ ಹೊದಿಕೆ ಇದೆಯೇ ಎಂದು ತಿಳಿಯುವುದು ಹೇಗೆ?

ಇದಕ್ಕೊಂದು ಉಪಾಯ ಉಂಟು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದವನು ದೂರದ ಪಂಪ್‌ಸೆಟ್ ಗುಡಿಸಲಿನ ಬಲ್ಬು ನೋಡುತ್ತಿದ್ದಾನೆ ಎನ್ನಿ. ಬಲ್ಬು ತಟ್ಟನೆ ಮಾಯವಾಗಿ ಮತ್ತೆ ಹತ್ತಿತು. ಕರೆಂಟು ಹೋಗಿಲ್ಲ, ನಡುವಿನ ಬದುವಿನ ಮೇಲೆ ಯಾರೋ ನಡೆದುಹೋದರು. ಮನುಷ್ಯ ಕಾಣಲಿಲ್ಲ, ಆದರೆ ಅವನ ನಡಿಗೆಯ ವೇಗ ಗೊತ್ತಿದ್ದರೆ, ಬಲ್ಬು ಎಷ್ಟು ಹೊತ್ತು ಮರೆಯಾಯಿತು ಎಂಬುದರಿಂದ ಅವನ ಅಗಲ ಹೇಳಬಹುದು. ಬಲ್ಬು ತಟ್ಟನೆ ಹೋಗದೆ ಮೆಲ್ಲಗೆ ಮಂಕಾಗಿ ಆಮೇಲೆ ಹೋದರೆ? ನಡುವೆ ಹುಲ್ಲು ಸುಟ್ಟ ಹೊಗೆಯೋ ಮಂಜೋ ಇರಬೇಕು. ಆಕಾಶದಲ್ಲಿ ಒಂದು ಗ್ರಹ ಅಥವಾ ಚಂದ್ರ ದೂರದ ನಕ್ಷತ್ರಕ್ಕೆ ಅಡ್ಡ ಬರುವುದನ್ನು ‘ಆಚ್ಛಾದನೆ’ ಎನ್ನುತ್ತಾರೆ. ಗ್ರಹಣದ ತಂಗಿ ಇದು. ಕ್ಯಾಮೆರಾ ಬೇಕಿಲ್ಲ. ಬೆಳಕನ್ನು ಕ್ಷಣಕ್ಷಣಕ್ಕೆ ಅಳೆಯುವ ಫೋಟೋಮೀಟರ್, ನಂಬಿಕೆಯ ಗಡಿಯಾರ, ಸರಿಯಾದ ಜಾಗದಲ್ಲಿ ಇರುವ ಅದೃಷ್ಟ, ಈ ಮೂರು ಸಾಕು.

ಜಾಗದ ಅದೃಷ್ಟ ಕಾವಲೂರಿಗಿತ್ತು. ಆಸ್ಟ್ರೇಲಿಯಾಕ್ಕೂ ದಕ್ಷಿಣ ಆಫ್ರಿಕಾಕ್ಕೂ ನಡುವಿನ ರೇಖಾಂಶಗಳಲ್ಲಿ ಆಗ ದೊಡ್ಡ ದೂರದರ್ಶಕಗಳು ವಿರಳ. ನೆರಳು ಹಿಂದೂ ಮಹಾಸಾಗರದ ಸುತ್ತ ಬಿದ್ದರೆ ಹಿಡಿಯುವವರು ಬೆರಳೆಣಿಕೆಯಷ್ಟು.

1972ರ ಜೂನ್ 7ರಂದು ಎಸ್‌ಎಒ 186800 ಎಂಬ, ಬರಿಗಣ್ಣಿಗೆ ಕಾಣದ ನಕ್ಷತ್ರವನ್ನು ಗ್ಯಾನಿಮೀಡ್ ಮರೆಮಾಡಿತು. ಆ ಕ್ಷಣವನ್ನು ಎರಡು ಕಡೆ ದಾಖಲಿಸಿದರು. ಒಂದು, ಜಾವಾ ದ್ವೀಪದ ಲೆಂಬಾಂಗ್, ಇನ್ನೊಂದು, ಕಾವಲೂರು. ಕಾವಲೂರಿನ ಕಡೆಯಿಂದ ಜೆ.ಸಿ. ಭಟ್ಟಾಚಾರ್ಯ. ಉಪಕರಣಗಳಲ್ಲಿ ಪಳಗಿದ ಕೈ, ಬಪ್ಪು ಅವರ ಬಲಗೈ ಬಂಟ. 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂಬತ್ತು ಜನರ ಹೆಸರಿನಲ್ಲಿ ಪ್ರಬಂಧ ಬಂತು. ಅದರಲ್ಲಿದ್ದ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತಾರೆ: ಇಂಗ್ಲೆಂಡಿನ ಗಾರ್ಡನ್ ಟೇಲರ್, ಅಮೆರಿಕದ ಬ್ರಾಡ್‌ಫರ್ಡ್ ಸ್ಮಿತ್.

ಪ್ರಬಂಧ ಎರಡು ಮಾತು ಹೇಳಿತು. ಗ್ಯಾನಿಮೀಡ್‌ನ ವ್ಯಾಸ ಸುಮಾರು 5,270 ಕಿ.ಮೀ. ಮತ್ತು ಅದಕ್ಕೆ ವಾತಾವರಣವಿದೆ; ನೆಲದ ಮೇಲಿನ ಒತ್ತಡ ಭೂಮಿಯದರ ಹತ್ತು ಲಕ್ಷದಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು. ಮೊದಲನೆಯದು ಇಂದಿಗೂ ನಿಂತಿದೆ. ಬಾಹ್ಯಾಕಾಶ ನೌಕೆಗಳು ಪಕ್ಕಕ್ಕೇ ಹೋಗಿ ಅಳೆದಾಗಲೂ 5,260ರ ಆಸುಪಾಸಿನಲ್ಲೇ ಉತ್ತರ ಸಿಕ್ಕಿತು. ಅರವತ್ತು ಕೋಟಿ ಕಿ.ಮೀ. ಆಚೆಯ ಚುಕ್ಕಿಯೊಂದರ ಅಗಲವನ್ನು ನೆರಳಿನಿಂದ ಅಳೆದು ಇಷ್ಟು ಹತ್ತಿರ ಬರುವುದು ಸಣ್ಣ ಮಾತಲ್ಲ.

ಎರಡನೆಯ ಮಾತು ಕೆಟ್ಟಿತು. 1979ರ ಮಾರ್ಚ್‌ನಲ್ಲಿ ವಾಯೇಜರ್-1 ಗುರುವಿನ ಬಳಿ ಹಾದಾಗ, ಅದೂ ಒಂದು ನಕ್ಷತ್ರ ಗ್ಯಾನಿಮೀಡ್‌ನ ಹಿಂದೆ ಸರಿಯುವುದನ್ನು ಅತಿನೇರಳೆ ಬೆಳಕಿನಲ್ಲಿ ನೋಡಿತು. ನಕ್ಷತ್ರ ಮಂಕಾಗಲಿಲ್ಲ, ತಟ್ಟನೆ ಆರಿತು. 1973ರಲ್ಲಿ ಹೇಳಿದಷ್ಟು ಗಾಳಿ ಅಲ್ಲಿರಲು ಸಾಧ್ಯವೇ ಇರಲಿಲ್ಲ. ಕಥೆ ಅಲ್ಲಿಗೂ ಮುಗಿಯಲಿಲ್ಲ ಅನ್ನಿ. 1990ರ ದಶಕದಲ್ಲಿ ಹಬಲ್ ದೂರದರ್ಶಕ ಗ್ಯಾನಿಮೀಡ್‌ನಲ್ಲಿ ಆಮ್ಲಜನಕದ ಕ್ಷೀಣ ಹೊಳಪನ್ನು ಗುರುತಿಸಿತು. ವಾತಾವರಣ ಇದೆ, ಆದರೆ ಮೊದಲು ಹೇಳಿದ್ದಕ್ಕಿಂತ ಸುಮಾರು ಲಕ್ಷಪಟ್ಟು ತೆಳು. ‘ಗ್ಯಾನಿಮೀಡ್‌ನ ವಾತಾವರಣ ಕಂಡುಹಿಡಿದದ್ದು ಕಾವಲೂರು’ ಎಂದು ನಮ್ಮಲ್ಲಿ ಬರೆಯುವವರು ಲಕ್ಷಪಟ್ಟಿನ ಈ ವಿಷಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು. ಆ ರಾತ್ರಿಯ ನಿಜವಾದ ಗಳಿಕೆ ವ್ಯಾಸ.

ಐದು ವರ್ಷದ ನಂತರ ಇನ್ನೊಂದು ನೆರಳು ಬಂತು. ಗ್ರೀನಿಚ್ ವೀಕ್ಷಣಾಲಯದ ಗಾರ್ಡನ್ ಟೇಲರ್ ಅವರ ಕಸುಬೇ ಇಂಥ ಆಚ್ಛಾದನೆಗಳ ಪಂಚಾಂಗ ಬರೆಯುವುದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಎಸ್‌ಎಒ 158687 ಎಂಬ ನಕ್ಷತ್ರವನ್ನು ಮರೆಮಾಡಲಿದೆ ಎಂದು ಅವರು ನಾಲ್ಕು ವರ್ಷ ಮುಂಚೆಯೇ ಲೆಕ್ಕ ಹಾಕಿದ್ದರು. ನಮ್ಮ ಗಡಿಯಾರದಲ್ಲಿ ಅದು 11ರ ಬೆಳಗಿನ ಜಾವ, ಎರಡು ಗಂಟೆ ದಾಟಿದ ಹೊತ್ತು. ಯುರೇನಸ್ ಸೂರ್ಯನಿಂದ ಸುಮಾರು 290 ಕೋಟಿ ಕಿ.ಮೀ. ದೂರ. ದೂರದರ್ಶಕದಲ್ಲಿ ಹಸಿರು-ನೀಲಿ ಛಾಯೆಯ ಪುಟ್ಟ ಬಿಲ್ಲೆ. ನಮ್ಮ ನವಗ್ರಹದ ಕಟ್ಟೆಯಲ್ಲಿ ಅದಕ್ಕೆ ಜಾಗವೂ ಇಲ್ಲ. ಗ್ರಹದ ವ್ಯಾಸ, ಅದರ ಗಾಳಿಯ ಉಷ್ಣತೆ ಇಷ್ಟು ಸಿಕ್ಕರೆ ಸಾಕೆಂಬುದು ಎಲ್ಲರ ಆಸೆ. ಉಂಗುರದ ಮಾತು ಯಾರ ತಲೆಯಲ್ಲೂ ಇರಲಿಲ್ಲ. ಉಂಗುರ ಎಂದರೆ ಶನಿಯದು ಮಾತ್ರ.

ದಿನ ಹತ್ತಿರ ಬಂದಂತೆ ಲೆಕ್ಕ ತಿದ್ದಿದಾಗ ಗ್ರಹದ ನೆರಳು ದಕ್ಷಿಣಕ್ಕೆ ಜಾರಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ನಾಸಾದ ಕೈಪರ್ ವಿಮಾನ ವೀಕ್ಷಣಾಲಯ ಹತ್ತಿದರು. ದೊಡ್ಡ ಮಿಲಿಟರಿ ಸಾಗಣೆ ವಿಮಾನದ ಪಕ್ಕೆ ಕೊರೆದು 91 ಸೆಂ.ಮೀ. ದೂರದರ್ಶಕ ಕೂರಿಸಿದ್ದ ಯಂತ್ರ ಅದು. ಆಸ್ಟ್ರೇಲಿಯಾದ ಪರ್ತ್‌ನಿಂದ ಹಾರಿ ಹಿಂದೂ ಮಹಾಸಾಗರದ ದಕ್ಷಿಣ ತುದಿಗೆ ಹೋದರು. ಎಚ್ಚರಿಕೆಗೆಂದು ಬಹಳ ಮುಂಚೆಯೇ ಉಪಕರಣ ಚಾಲೂ ಮಾಡಿದ್ದರು. ಅದೇ ಅವರ ಪುಣ್ಯ. ಗ್ರಹ ಇನ್ನೂ ನಕ್ಷತ್ರದ ಹತ್ತಿರ ಬಂದಿರಲಿಲ್ಲ, ಅಷ್ಟರಲ್ಲಿ ನಕ್ಷತ್ರ ಒಮ್ಮೆ ಕಣ್ಣು ಮಿಟುಕಿಸಿತು. ಆಮೇಲೆ ಮತ್ತೊಮ್ಮೆ. ಒಟ್ಟು ಐದು ಸಲ. ಮೋಡವೋ, ಯಂತ್ರದ ದೋಷವೋ ಎಂದು ವಿಮಾನದಲ್ಲಿದ್ದವರು ಅಂದಾಡಿಕೊಂಡರು. ಗ್ರಹ ನಕ್ಷತ್ರವನ್ನು ಮುಚ್ಚಿ ತೆರೆದ ಮೇಲೆ ಮತ್ತೆ ಅದೇ ಮಿಟುಕು.

ಅದೇ ಹೊತ್ತಿಗೆ ಕಾವಲೂರಿನ 40 ಇಂಚಿನ ದೂರದರ್ಶಕದ ಬಳಿ ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾದಿದ್ದರು. ಗ್ರಹದ ನೆರಳು ತೀರ ದಕ್ಷಿಣಕ್ಕೆ ಹೋದ್ದರಿಂದ ಕಾವಲೂರಿನಿಂದ ನೋಡಿದವರಿಗೆ ಯುರೇನಸ್ ಆ ನಕ್ಷತ್ರವನ್ನು ಮುಚ್ಚಲೇ ಇಲ್ಲ, ಪಕ್ಕದಲ್ಲಿ ಹಾದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ‘ಈ ಸಲ ಕೈಗೂಡಲಿಲ್ಲ’ ಎಂದು ಫೋಟೋಮೀಟರ್ ಆರಿಸಿ ಮಲಗುತ್ತಿದ್ದರೇನೋ. ಇವರು ಆರಿಸಲಿಲ್ಲ. ನಕ್ಷತ್ರದ ಬೆಳಕು ಕೆಲವೇ ಸೆಕೆಂಡು ದಿಢೀರನೆ ಕುಸಿದು ಮತ್ತೆ ಎದ್ದದ್ದು ದಾಖಲೆಯಲ್ಲಿ ಉಳಿಯಿತು.

ಏನದು? ಗ್ರಹವಲ್ಲ. ಗೊತ್ತಿದ್ದ ಐದು ಚಂದ್ರಗಳಲ್ಲಿ ಯಾವುದೂ ಅಲ್ಲ. ಹಾಗಿದ್ದರೆ ಯಾರೂ ಕಂಡಿರದ ಆರನೆಯ ಚಂದ್ರ ಇರಬೇಕು. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಹಾಗೆಯೇ ಬರೆದು ‘ನೇಚರ್’ ಪತ್ರಿಕೆಗೆ ಕಳಿಸಿದರು. ಯುರೇನಸ್ಸಿನ ಹೊಸ ಉಪಗ್ರಹ ಎಂಬ ಅರ್ಥದ ತಲೆಬರಹದಲ್ಲೇ ಅದು ಅಚ್ಚಾಯಿತು. ಒಂದೇ ಮಿಟುಕು ನೋಡಿದವರು ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ಎಲಿಯಟ್ ಕೂಡ ಮೊದಲು ಚಂದ್ರಗಳ ಗುಂಪೇ ಇರಬೇಕೆಂದು ಊಹಿಸಿದ್ದರು. ಆಮೇಲೆ ಗ್ರಹದ ಈ ಪಕ್ಕದ ಮಿಟುಕುಗಳನ್ನೂ ಆ ಪಕ್ಕದ ಮಿಟುಕುಗಳನ್ನೂ ಕನ್ನಡಿಯಲ್ಲಿಟ್ಟ ಹಾಗೆ ಎದುರುಬದುರು ಇಟ್ಟು ನೋಡಿದರು. ಗ್ರಹದಿಂದ ಎಡಕ್ಕೆ ಇದ್ದಷ್ಟೇ ದೂರದಲ್ಲಿ ಬಲಕ್ಕೂ ಇವೆ. ಚಂದ್ರಗಳು ಹಾಗೆ ಜೋಡಿ ಜೋಡಿಯಾಗಿ ಸಾಲು ನಿಲ್ಲುವುದಿಲ್ಲ. ಗ್ರಹದ ಸುತ್ತ ಐದು ಸಪೂರ ಉಂಗುರಗಳಿವೆ. ಕಾವಲೂರಿನವರು ಹಿಡಿದದ್ದು ಅವುಗಳಲ್ಲಿ ಅತಿ ಹೊರಗಿನ, ಎಲ್ಲಕ್ಕಿಂತ ದಪ್ಪನೆಯ ಎಪ್ಸಿಲಾನ್ ಉಂಗುರದ ನೆರಳನ್ನು.

ಪರ್ತ್‌ನಿಂದಲೂ ನೈನಿತಾಲ್‌ನಿಂದಲೂ ಸಾಕ್ಷಿಗಳು ಬಂದವು. ನೈನಿತಾಲ್‌ಗೆ ವೀಕ್ಷಣಾಲಯ ಒಯ್ದದ್ದು ಬಪ್ಪು ಎಂಬುದನ್ನು ಮರೆಯುವ ಹಾಗಿಲ್ಲ. ಆ ರಾತ್ರಿಯ ಕಾವಲಿಗೆ ಕೂತ ಭಾರತದ ಎರಡು ಕಣ್ಣುಗಳೂ ಅವರ ಕೈಯಿಂದ ಹಾದುಬಂದಿದ್ದವು. ಬಪ್ಪು ಮತ್ತು ಭಟ್ಟಾಚಾರ್ಯ ತಮ್ಮ ದಾಖಲೆಯನ್ನು ಮತ್ತೆ ಬಿಡಿಸಿ, ಸಣ್ಣಪುಟ್ಟ ಕುಸಿತಗಳನ್ನೂ ಹುಡುಕಿ, ಶನಿಯದರಂಥ ಉಂಗುರ ವ್ಯವಸ್ಥೆ ಇದೆಯೆಂದು ಅದೇ ವರ್ಷ ‘ನೇಚರ್’ನಲ್ಲಿ ಇನ್ನೊಂದು ಟಿಪ್ಪಣಿ ಬರೆದರು. 1978ರ ಹೊತ್ತಿಗೆ ಉಂಗುರಗಳ ಎಣಿಕೆ ಒಂಬತ್ತಕ್ಕೆ ಏರಿತು.

ಹಾಗಾದರೆ ಯುರೇನಸ್ ಉಂಗುರಗಳನ್ನು ಕಂಡುಹಿಡಿದವರು ಯಾರು? ಕ್ವಿಜ್ ಪುಸ್ತಕಗಳಲ್ಲಿ ಕಾವಲೂರಿನ ಹೆಸರು ಕೆಲವೊಮ್ಮೆ ಒಂಟಿಯಾಗಿ ನಿಂತಿರುತ್ತದೆ. ನ್ಯಾಯವಾಗಿ ಹೇಳುವುದಾದರೆ ಉಂಗುರವೆಂದು ಮೊದಲು ಗುರುತಿಸಿದ್ದು ಎಲಿಯಟ್ ತಂಡ. ಕಾವಲೂರಿನದು ಸ್ವತಂತ್ರ ಸಾಕ್ಷಿ, ಅದೂ ಬೇಗನೆ ಬಂದ, ಗಟ್ಟಿಯಾದ ಸಾಕ್ಷಿ. ಅರ್ಥ ಹೇಳುವಲ್ಲಿ ಎಡವಿತು, ನೋಡುವಲ್ಲಿ ಎಡವಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅತಿಯಾಗಿ ಕೊಂಡಾಡಿದರೆ ಮಾತ್ರ ನಾಚಿಕೆ.

ಆ ಉಂಗುರಗಳು ಅಷ್ಟು ಕಾಲ ಅಡಗಿದ್ದು ಹೇಗೆ? ಹೆಚ್ಚಿನವು ಹತ್ತು ಕಿ.ಮೀ. ಕೂಡ ಅಗಲವಿಲ್ಲ. ಎಪ್ಸಿಲಾನ್ ಒಂದೇ ಜಾಗಕ್ಕೊಂದರಂತೆ 20ರಿಂದ 96 ಕಿ.ಮೀ. ತನಕ ಹಿಗ್ಗಿ ಕುಗ್ಗುತ್ತದೆ. ಮೇಲಾಗಿ ಅವು ಇದ್ದಿಲಿನಷ್ಟು ಕಪ್ಪು. ಕಪ್ಪು ನೂಲನ್ನು ಕತ್ತಲೆಯಲ್ಲಿ ಹುಡುಕಿದರೆ ಕಾಣುವುದಿಲ್ಲ, ದೀಪಕ್ಕೆ ಅಡ್ಡ ಹಿಡಿದರೆ ಕಾಣುತ್ತದೆ. ಮಾರ್ಚ್ 10ರ ರಾತ್ರಿ ದೀಪವಾಗಿ ಬಂದದ್ದು ಆ ನಕ್ಷತ್ರ.

ಇದಾಗಿ ಐದು ತಿಂಗಳಿಗೆ, 1977ರ ಆಗಸ್ಟ್ 20ರಂದು, ವಾಯೇಜರ್-2 ಭೂಮಿಯಿಂದ ಹೊರಟಿತು. ಎರಡು ವಾಯೇಜರ್‌ಗಳ ಕ್ಯಾಮೆರಾ ತಂಡದ ಮುಖಂಡ ಬ್ರಾಡ್‌ಫರ್ಡ್ ಸ್ಮಿತ್, 1973ರ ಗ್ಯಾನಿಮೀಡ್ ಪ್ರಬಂಧದಲ್ಲಿ ಭಟ್ಟಾಚಾರ್ಯರ ಜೊತೆಗೆ ಹೆಸರಿದ್ದವರೇ. ನೆರಳು ಹಿಡಿಯುತ್ತಿದ್ದವರ ಕೈಗೆ ಈಗ ಮುಖವನ್ನೇ ನೋಡುವ ಯೋಗ ಬಂತು. ವಾಯೇಜರ್ ಕ್ಯಾಮೆರಾ ಇಂದಿನ ಲೆಕ್ಕಕ್ಕೆ ಏನೂ ಅಲ್ಲ. ಟಿವಿ ಕ್ಯಾಮೆರಾದಂಥ ಕೊಳವೆ, ಒಂದು ಚಿತ್ರಕ್ಕೆ 800 ಅಡ್ಡಗೆರೆ, ಗೆರೆಗೆ 800 ಚುಕ್ಕೆ, ಎಲ್ಲವೂ ಕಪ್ಪು-ಬಿಳುಪು. ಬೇರೆ ಬೇರೆ ಬಣ್ಣದ ಗಾಜು ಅಡ್ಡ ಹಿಡಿದು ತೆಗೆದ ಚಿತ್ರಗಳನ್ನು ಭೂಮಿಯಲ್ಲಿ ಒಂದರ ಮೇಲೊಂದು ಇಟ್ಟು ಬಣ್ಣ ಕಟ್ಟಬೇಕು. ಈಗಿನ ಕಾರಟಗಿಯ ಸಂತೆಯಲ್ಲಿ ಸಿಗುವ ಅಗ್ಗದ ಮೊಬೈಲಿನ ಕ್ಯಾಮೆರಾ ಇದಕ್ಕಿಂತ ಎಷ್ಟೋ ಚುರುಕು. ಆದರೆ ಆ ಮೊಬೈಲು ಗುರುವಿನ ಬಳಿ ಹೋಗಿಲ್ಲ.

1979ರಲ್ಲಿ ಗುರುವಿನ ಇನ್ನೊಂದು ಚಂದ್ರ ಅಯೊ ಮೇಲೆ ಜ್ವಾಲಾಮುಖಿ ಉಗುಳುವುದನ್ನು ಲಿಂಡಾ ಮೊರಾಬಿಟೊ ಎಂಬ ಎಂಜಿನಿಯರು ನೌಕೆಯ ದಾರಿ ತಪಾಸಣೆಗೆಂದು ತೆಗೆದ ಚಿತ್ರದಲ್ಲಿ ಕಂಡರು. 1980ರಲ್ಲಿ ಶನಿಯ ಉಂಗುರಗಳು ಸಾವಿರ ಎಳೆಗಳಾಗಿ ಬಿಚ್ಚಿಕೊಂಡವು. ಈ ಎರಡು ಕಥೆಗಳೂ ಎಷ್ಟೋ ಸಲ ಬರೆದಾಗಿವೆ, ಇಲ್ಲಿ ಬೇಡ.

ಬಪ್ಪು ಅವರ ಮನಸ್ಸು ಆಗ ಬೇರೆಡೆ ಇತ್ತು. 102 ಸೆಂ.ಮೀ. ಕನ್ನಡಿ ಹೊರಗಿನಿಂದ ಬಂದದ್ದು. ಅದರ ಎರಡು ಪಟ್ಟಿಗೂ ಹೆಚ್ಚಿನ, 2.34 ಮೀಟರಿನ ದೂರದರ್ಶಕವನ್ನು ಇಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದರು. ಅದರ ಗಾಜನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಕೋರಮಂಗಲದ ಪ್ರಯೋಗಾಲಯದಲ್ಲಿ. 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಬಪ್ಪು ತೀರಿಕೊಂಡರು. ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರು, ವಯಸ್ಸು ಐವತ್ತೈದು. ದೂರದರ್ಶಕ ಮುಗಿದಿರಲಿಲ್ಲ. ನಿರ್ದೇಶಕರ ಕುರ್ಚಿಗೆ ಬಂದ ಭಟ್ಟಾಚಾರ್ಯ ಅದನ್ನು ಮುಗಿಸಿದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿಗೆ ಬಂದು ಉದ್ಘಾಟಿಸಿ, ಬಪ್ಪು ಅವರ ಹೆಸರಿಟ್ಟರು.

ಸರಿಯಾಗಿ ಹದಿನೆಂಟು ದಿನಕ್ಕೆ, ಜನವರಿ 24ರಂದು, ವಾಯೇಜರ್-2 ಯುರೇನಸ್ಸಿನ ಮೋಡಗಳಿಂದ 81,500 ಕಿ.ಮೀ. ದೂರದಲ್ಲಿ ಹಾದುಹೋಯಿತು. ಅಷ್ಟು ದೂರದಲ್ಲಿ ಬಿಸಿಲು ಭೂಮಿಯ ಬಿಸಿಲಿನ ಸುಮಾರು 370ರಲ್ಲಿ ಒಂದು ಪಾಲು. ಹಾಗಾಗಿ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು, ಓಡುತ್ತಿರುವ ನೌಕೆಯಿಂದ ತೆಗೆದ ಚಿತ್ರ ಕಲಸಿಹೋಗದಂತೆ ನೌಕೆಯನ್ನೇ ಮೆಲ್ಲಗೆ ತಿರುಗಿಸುತ್ತಿರಬೇಕು. ಹಾಗೆ ತೆಗೆದ ಚಿತ್ರಗಳಲ್ಲಿ ಒಂಬತ್ತು ಉಂಗುರಗಳೂ ಇದ್ದವು, ಇನ್ನೆರಡು ಹೊಸವೂ ಸಿಕ್ಕವು. ಕಾವಲೂರಿನಲ್ಲಿ ಒಂದು ಕುಸಿತವಾಗಿ ದಾಖಲಾಗಿದ್ದ ಎಪ್ಸಿಲಾನ್ ಮೊದಲ ಸಲ ಗೆರೆಯಾಗಿ ಹತ್ತಿರದಿಂದ ಕಂಡಿತು. ನೌಕೆ ಗ್ರಹದ ಹಿಂದಕ್ಕೆ ಸರಿದು, ಉಂಗುರಗಳನ್ನು ಸೂರ್ಯನಿಗೆ ಅಡ್ಡ ಹಿಡಿದು 96 ಸೆಕೆಂಡು ಕಣ್ಣು ತೆರೆದಾಗ ಉಂಗುರಗಳ ನಡುವಿನ ಜಾಗವೆಲ್ಲ ಧೂಳಿನ ಪಟ್ಟೆಗಳಿಂದ ತುಂಬಿಹೋಗಿತ್ತು. ಶನಿಯದರಂಥ ವ್ಯವಸ್ಥೆ ಎಂದ ಬಪ್ಪು, ಭಟ್ಟಾಚಾರ್ಯರ ಮಾತಿಗೆ ಇದನ್ನು ಪುರಾವೆ ಎನ್ನಲಾಗದು. ಆದರೂ ಆ ಚಿತ್ರ ಬಪ್ಪು ಅವರ ಕಣ್ಣಿಗೆ ಬೀಳಬೇಕಿತ್ತು.

ನೌಕೆಗಳು ಹತ್ತಿರ ಹೋದ ಮೇಲೆ ನೆಲದ ದೂರದರ್ಶಕಗಳಿಗೆ ಕೆಲಸವಿಲ್ಲವಾಯಿತೇ? ಇಲ್ಲ. ಗುರುವಿಗೆ ಒಂದು ಸುತ್ತಿಗೆ ಹನ್ನೆರಡು ವರ್ಷ. ಅದರಲ್ಲಿ ಆರು ವರ್ಷಕ್ಕೊಮ್ಮೆ ಅದರ ಚಂದ್ರಗಳ ಓಡಾಟದ ಸಮತಲ ನಮ್ಮ ನೋಟಕ್ಕೆ ಸಮಕ್ಕೆ ಬಂದು ಒಂದು ಚಂದ್ರ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಇಂಥ ಚಂದ್ರಗಳ ಕಣ್ಣಾಮುಚ್ಚಾಲೆಯನ್ನು 1991ರಲ್ಲಿ ಕಾವಲೂರಿನಿಂದ ದಾಖಲಿಸಿದ ಆರ್. ವಸುಂಧರಾ ಅವರು ಅದರಿಂದ ಆ ಚಂದ್ರಗಳ ಸ್ಥಾನವನ್ನು ನಿಖರವಾಗಿ ಲೆಕ್ಕ ಹಾಕಿ ಪ್ರಕಟಿಸಿದರು. ಚಂದ್ರ ಯಾವ ಕ್ಷಣಕ್ಕೆ ಎಲ್ಲಿರುತ್ತದೆ ಎಂದು ಗೊತ್ತಿಲ್ಲದೆ ಯಾವ ನೌಕೆಯ ಕ್ಯಾಮೆರಾವನ್ನೂ ಅದರತ್ತ ತಿರುಗಿಸಲಾಗದು. ಇಂಥ ಕೆಲಸಕ್ಕೆ ಪತ್ರಿಕೆಯ ಮುಖಪುಟ ಸಿಗುವುದಿಲ್ಲ.

ಗೆಲಿಲಿಯೊ ನೌಕೆ 1995ರಿಂದ 2003ರ ತನಕ ಗುರುವನ್ನು ಸುತ್ತಿತು. ಗ್ಯಾನಿಮೀಡ್‌ಗೆ ತನ್ನದೇ ಕಾಂತಕ್ಷೇತ್ರವಿದೆ ಎಂದು ತೋರಿಸಿದ್ದು ಅದು. ಕ್ಯಾಸಿನಿ ಹದಿಮೂರು ವರ್ಷ ಶನಿಯ ಸುತ್ತಲಿದ್ದು 2017ರ ಸೆಪ್ಟೆಂಬರ್ 15ರಂದು ಅದರೊಳಗೇ ಬಿದ್ದು ಉರಿದುಹೋಯಿತು. 2016ರಲ್ಲಿ ಗುರುವನ್ನು ತಲುಪಿದ ಜೂನೊ ನೌಕೆಯ ಕ್ಯಾಮೆರಾದ್ದು ಇನ್ನೊಂದು ಬಗೆ. ಅದು ಕಳಿಸುವ ಕಚ್ಚಾ ಚಿತ್ರಗಳನ್ನು ನಾಸಾ ಎಲ್ಲರಿಗೂ ಬಿಟ್ಟುಕೊಡುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇರುವ ಹವ್ಯಾಸಿಗಳು ಅವುಗಳನ್ನು ತೊಳೆದು, ತಿದ್ದಿ, ಬಣ್ಣ ಕೂಡಿಸುತ್ತಾರೆ. ಜಗತ್ತಿನ ಗೋಡೆಗಳ ಮೇಲೆ ಇವತ್ತು ತೂಗುವ ಗುರುವಿನ ಸುಳಿಮೋಡದ ಚಿತ್ರಗಳಲ್ಲಿ ಹಲವು ಅಂಥವರ ಕೈಕೆಲಸ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಯುರೇನಸ್ಸಿನ ಹದಿಮೂರು ಉಂಗುರಗಳಲ್ಲಿ ಹನ್ನೊಂದನ್ನು ಒಂದೇ ಚಿತ್ರದಲ್ಲಿ ಹಿಡಿಯಿತು. ಇದ್ದಿಲು ಬಣ್ಣದ ಆ ಎಳೆಗಳು ಅವಕೆಂಪು ಬೆಳಕಿನಲ್ಲಿ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಬೆಳಗಿದವು.

ಕಾವಲೂರಿನ 40 ಇಂಚಿನ ದೂರದರ್ಶಕಕ್ಕೆ 2022ರ ಡಿಸೆಂಬರ್‌ನಲ್ಲಿ ಚಿನ್ನದ ಹಬ್ಬ ಮಾಡಿದರು. ಅದಕ್ಕೂ ಒಂದೂವರೆ ವರ್ಷ ಹಿಂದೆ ಒಂದು ತಾರೀಖು ಸದ್ದಿಲ್ಲದೆ ಮರಳಿ ಬಂದಿತ್ತು. ಜೂನೊ ಗ್ಯಾನಿಮೀಡ್‌ನ ನೆಲದಿಂದ 1,038 ಕಿ.ಮೀ. ಎತ್ತರದಲ್ಲಿ ಹಾದು, ಇಪ್ಪತ್ತೊಂದು ವರ್ಷಗಳಲ್ಲೇ ಅತಿ ಹತ್ತಿರದ ಚಿತ್ರ ತೆಗೆಯಿತು. ಬಿರುಕುಗಳು, ಗೀರುಗಳು, ಹೊಂಡಗಳಿಂದ ಬೆಳ್ಳನೆಯ ಕಿರಣ ಚಿಮ್ಮಿದ ಗುರುತುಗಳು, ಎಲ್ಲವೂ ಸ್ಪಷ್ಟ. ಆ ದಿನ 2021ರ ಜೂನ್ 7. ಭಟ್ಟಾಚಾರ್ಯ ಕಾವಲೂರಿನಲ್ಲಿ ಅದೇ ಚಂದ್ರನ ನೆರಳು ಹಿಡಿದು ಸರಿಯಾಗಿ ನಲವತ್ತೊಂಬತ್ತು ವರ್ಷ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ 2023ರ ಏಪ್ರಿಲ್ 14ರಂದು ಹೊರಟಿದೆ. 2031ಕ್ಕೆ ಗುರುವನ್ನು ಮುಟ್ಟಿ, 2034ರ ಕೊನೆಗೆ ಗ್ಯಾನಿಮೀಡ್‌ನ ಸುತ್ತಲೇ ತಿರುಗತೊಡಗಬೇಕೆಂಬುದು ಅದರ ಯೋಜನೆ. ಅಲ್ಲಿಯ ತನಕ ಕಾಯಬೇಕಾಗಿಲ್ಲ. ಗುರು ಸಂಜೆಯ ಆಕಾಶದಲ್ಲಿರುವ ತಿಂಗಳಲ್ಲಿ, ಮಿಲ್ಲಿನ ಲೈಟು ತಾಗದ ಗದ್ದೆಯ ಕಡೆ ಹೋಗಿ, ಸಾಧಾರಣ ಬೈನಾಕ್ಯುಲರನ್ನು ಕಾಲುವೆಯ ಸೇತುವೆ ಕಟ್ಟೆಗೆ ಒತ್ತಿ ಹಿಡಿದು ನೋಡಿ. ಗುರುವಿನ ಪಕ್ಕ ಒಂದೇ ಗೆರೆಯಲ್ಲಿ ಎರಡೋ ಮೂರೋ ನಾಲ್ಕೋ ಸಣ್ಣ ಚುಕ್ಕಿ ಕಾಣುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಹೊಳೆಯುವುದು ಸಾಮಾನ್ಯವಾಗಿ ಗ್ಯಾನಿಮೀಡ್. ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ನೋಡಿದರೆ ಅದು ಒಂದು ಸುತ್ತು ಮುಗಿಸಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದಿರುತ್ತದೆ.